ಏಳು ಸಿಕ್ಕಾಕ್ಕೆ ಆರು ಕಲ್ದಾರ

ಪರೀಕ್ಷೆ ಪಾಸಾಗಿ ಈಗಷ್ಟೇ ಖಜಾನೆ ಇಲಾಖೆಗೆ ಸೇರುತ್ತಿರುವ ಮಕ್ಕಳೇ, ತರಬೇತಿಯಲ್ಲಿ ನಿಮಗೆ ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಸತ್ತುಹೋದ ಒಂದು ರೂಪಾಯಿಗೆ ಇವತ್ತಿನ ಬೆಲೆ ಎಷ್ಟು ಅಂತ ಬರೆದುಕೊಡುವುದು ಕೂಡ ನನ್ನ ನೌಕರಿಯ ಭಾಗವಾಗಿತ್ತು. ನಗಬೇಡಿ. ಇದನ್ನು ಕೇಳಿ ನಕ್ಕವರನ್ನೆಲ್ಲ ಆಮೇಲೆ ಆಡಿಟ್‌ನವರು ಅಳಿಸಿದ್ದಾರೆ.

ನನಗೆ ಬಡ್ತಿ ಯಾವಾಗ ಬಂತು, ಎಲ್ಲಿಂದ ಎಲ್ಲಿಗೆ ವರ್ಗವಾಯಿತು ಅನ್ನುವುದನ್ನೆಲ್ಲ ಬರೆಯುವುದಿಲ್ಲ. ಬಡ್ತಿ ಬಂದದ್ದು ನನಗೇ ಗೊತ್ತಾಗಿರಲಿಲ್ಲ, ಸಂಬಳದ ಚೀಟಿ ನೋಡಿ ನನ್ನ ಗಂಡ ಹೇಳಿದ್ದರು. ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಕೊಪ್ಪಳ ಅಂತ ನಾಲ್ಕು ಊರಿನ ಖಜಾನೆಗಳ ಧೂಳು ಕುಡಿದಿದ್ದೇನೆ. ನಾಲ್ಕೂ ಕಡೆ ಧೂಳು ಒಂದೇ, ಫ್ಯಾನು ಮಾತ್ರ ಬೇರೆ.

ಯಲಬುರ್ಗಾದಲ್ಲಿ ಮೊದಲ ದಿನ ಹಿರಿಯ ಗುಮಾಸ್ತ ಗುರುಬಸಪ್ಪನವರು ನನ್ನನ್ನು ಎದುರಿಗೆ ಕೂರಿಸಿಕೊಂಡರು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಮಂತ್ರ ಹೇಳಿಕೊಡುವವರ ಹಾಗೆ ದನಿ ಇಳಿಸಿದರು.

"ಏಳು ಸಿಕ್ಕಾಕ ಆರು ಕಲ್ದಾರ. ಬಾಯಿಪಾಠ ಮಾಡಿಕೋ ತಂಗಿ."

"ಏನ್ರಿ ಹಂಗಂದ್ರ?"

"ನಿಜಾಮನ ರೂಪಾಯಿ ಏಳು ಕೊಟ್ರ ಇಂಗ್ಲಿಷರ ರೂಪಾಯಿ ಆರು."

"ಈಗ ಇಬ್ರೂ ಇಲ್ಲಲ್ರಿ!"

"ಅವರಿಲ್ಲ, ಖರೆ. ಆದ್ರ ರೇಟು ಐತಿ," ಎಂದು ಅವರು ಎದ್ದು ಉಗುಳಲು ಹೋದರು.

ನಿಮಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಸೀಮೆ ನಿಜಾಮನ ಕೈಯಲ್ಲಿತ್ತು, ಹೊಳೆಯ ಆಚೆಯ ಹೊಸಪೇಟೆ ಇಂಗ್ಲಿಷರ ಕೈಯಲ್ಲಿತ್ತು. ಈಚೆ ನಡೆಯುತ್ತಿದ್ದದ್ದು ಚಾರಮಿನಾರದ ಚಿತ್ರವಿದ್ದ ಸಿಕ್ಕಾ ರೂಪಾಯಿ, ಆಚೆ ನಡೆಯುತ್ತಿದ್ದದ್ದು ರಾಜನ ತಲೆ ಇದ್ದ ಕಲ್ದಾರ ರೂಪಾಯಿ. ಅಳವಂಡಿಯ ನಮ್ಮಜ್ಜಿ ಹೊಸಪೇಟೆ ಸಂತೆಗೆ ಹೋಗುವಾಗ ಸಂಚಿಯಲ್ಲಿ ಎರಡು ಅರೆ ಮಾಡಿಕೊಂಡು, ಒಂದರಲ್ಲಿ ಸಿಕ್ಕಾ, ಇನ್ನೊಂದರಲ್ಲಿ ಕಲ್ದಾರ ಇಟ್ಟುಕೊಳ್ಳುತ್ತಿದ್ದಳಂತೆ. ಮುನಿರಾಬಾದಿನ ಹೊಳೆದಂಡೆಯಲ್ಲಿ ಜಮಖಾನ ಹಾಸಿಕೊಂಡು ಕೂತಿದ್ದ ಸರಾಫರು ಒಂದನ್ನು ಪಡೆದು ಇನ್ನೊಂದನ್ನು ಕೊಡುತ್ತಿದ್ದರು. ದರ ದಿನಕ್ಕೊಂದು ಥರ. ಹೊಳೆ ತುಂಬಿ ಹರಗೋಲು ನಿಂತರೆ ಸಿಕ್ಕಾ ಬೀಳುತ್ತಿತ್ತು, ಆಚೆ ಜೋಳ ತುಟ್ಟಿಯಾದರೆ ಕಲ್ದಾರ ಏರುತ್ತಿತ್ತು. ಅಜ್ಜಿ ಸರಾಫನ ಜೊತೆ ಅರ್ಧ ತಾಸು ಜಗಳವಾಡಿ ಒಂದಾಣೆ ಉಳಿಸಿ, ಆ ಆಣೆಯನ್ನು ಹರಗೋಲಿನವನಿಗೆ ಕೊಡುತ್ತಿದ್ದಳು.

ಆಮೇಲೆ ನಿಜಾಮನೂ ಹೋದ, ಇಂಗ್ಲಿಷರೂ ಹೋದರು, ಕಡೆಗೆ ಸಿಕ್ಕಾವೂ ಹೋಯಿತು. ಹೋಗುವಾಗ ಅದರ ದರ ಏಳಕ್ಕೆ ಆರು ಅಂತ ನಿಂತಿತು. ಆದರೆ ನಿಜಾಮನ ಕಾಲದ ಕೆಲವು ಸಣ್ಣಪುಟ್ಟ ಸಾಲಿಯಾನಗಳು, ಅಂದರೆ ವರ್ಷಕ್ಕೊಮ್ಮೆ ಕೊಡುವ ಹಣ, ಹಾಗೇ ಉಳಿದವು. ಉಳಿದವನ್ನೆಲ್ಲ ಒಮ್ಮೆ ನಮ್ಮ ರೂಪಾಯಿಗೆ ತಿರುಗಿಸಿ ಮುಗಿಸಿದರು. ಒಂದೇ ಒಂದು ಮಾತ್ರ ಮುಗಿಯಲಿಲ್ಲ. ಅದರ ಹುಕುಮಿನಲ್ಲಿ ಯಾರೋ ಪುಣ್ಯಾತ್ಮ, "ಹಣ ಕೊಡುವ ದಿನ ಹೊಳೆದಂಡೆಯ ಸರಾಫರಲ್ಲಿ ನಡೆಯುವ ದರದಂತೆ" ಎಂದು ಬರೆದುಬಿಟ್ಟಿದ್ದ. ಹಾಗಾಗಿ ಪ್ರತಿ ಮಾರ್ಚಿನಲ್ಲೂ ನಾವು "ಇಂದಿನ ದರ ಏಳಕ್ಕೆ ಆರು" ಅಂತ ಬರೆದು ಕೆಳಗೆ ಸಹಿ ಹಾಕುತ್ತಿದ್ದೆವು. ಯಾರೂ ಕೇಳುತ್ತಿರಲಿಲ್ಲ. ಸತ್ತವರ ವಯಸ್ಸಿನ ಹಾಗೆ ಆ ದರ ಏರುವ ಹಾಗೂ ಇಲ್ಲ, ಇಳಿಯುವ ಹಾಗೂ ಇಲ್ಲ.

ಆ ಸಾಲಿಯಾನ ಬೇವೂರಿನ ಇಮಾಂಬಿಯದು. ಬೇವೂರು ಕ್ರಾಸಿನ ಬೇವಿನ ಗಿಡದ ಕೆಳಗೆ ಬೇಸಿಗೆಯಲ್ಲಿ ಗಡಿಗೆಗಳನ್ನಿಟ್ಟು ಹೋಗಿ ಬರುವವರಿಗೆ ನೀರು ಕೊಡುವ ಅರವಟಿಗೆ ಅವಳ ಗಂಡನ ಮನೆಯವರಿಗೆ ಬಂದದ್ದು. ಅದಕ್ಕೆ ವರ್ಷಕ್ಕೆ ಹದಿನಾಲ್ಕು ಸಿಕ್ಕಾ, ನಮ್ಮ ಲೆಕ್ಕದಲ್ಲಿ ಹನ್ನೆರಡು ರೂಪಾಯಿ. ನಾನು ನೌಕರಿಗೆ ಸೇರಿದಾಗ ಅವಳು ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವಳು, ಗಟ್ಟಿ ಹೆಣ್ಣುಮಗಳು. ಪ್ರತಿ ಮಾರ್ಚಿಗೆ ಸೆರಗು ಹೊದ್ದು ಬಂದು, ಬೆಂಚಿನ ತುದಿಯಲ್ಲಿ ಕೂತು, ಹೆಸರು ಕರೆದಾಗ "ಪಗಾರ ಬಂತೇನ್ರಿ?" ಅನ್ನುತ್ತಿದ್ದಳು.

"ಪಗಾರ ಅಂತೀಯಲ್ಲ ದೊಡ್ಡವ್ವ, ಇದು ಸಾಲಿಯಾನ," ಅಂದೆ ಒಮ್ಮೆ.

"ಯಾವ್ದಾದ್ರೂ ಅನ್ರಿ. ನೀವೂ ನಾನೂ ಒಂದ ಸರ್ಕಾರದ ಪಗಾರ ತಿನ್ನಾವ್ರು. ನಿಮ್ಗ ತಿಂಗಳಿಗೊಮ್ಮೆ, ನನಗ ವರ್ಷಕ್ಕೊಮ್ಮೆ. ಕೆಲಸಾನೂ ಹಂಗ ಐತಿ ಬಿಡ್ರಿ. ನಾ ಬ್ಯಾಸಗ್ಯಾಗ ಮಾಡ್ತೀನಿ, ನೀವು ಮಾರ್ಚಿನ್ಯಾಗ ಮಾಡ್ತೀರಿ."

ಕಚೇರಿಯವರೆಲ್ಲ ನಕ್ಕರು. ನನಗೆ ಸ್ವಲ್ಪ ಚುರುಕ್ಕೆಂದಿತು, ಯಾಕೆಂದರೆ ಮಾತು ಸುಳ್ಳಲ್ಲ.

ಈ ನಡುವೆ ನಾನು ಗಂಗಾವತಿಗೆ ಹೋದೆ. ಅಲ್ಲಿಯ ಸಾಹೇಬರ ಕಥೆ ಹೇಳದೆ ಮುಂದೆ ಹೋದರೆ ನನಗೆ ಅನ್ನ ಕರಗುವುದಿಲ್ಲ. ಅವರು ಎಲ್ಲೋ ಒಂದು ತರಬೇತಿಗೆ ಹೋಗಿ, ಕಚೇರಿಯ ಮುಂದೆ ಜನರಿಗೆ ಮಾಹಿತಿ ಫಲಕ ಇರಬೇಕು ಅಂತ ಕಲಿತು ಬಂದರು. ಫಲಕ ಬಂತು. ಅದರಲ್ಲಿ ಏನು ಬರೆಯುವುದು? ಖಜಾನೆಯಲ್ಲಿ ಜನರಿಗೆ ಹೇಳುವಂಥದ್ದು ಏನೂ ಇರುವುದಿಲ್ಲ. ನಾನು ತಮಾಷೆಗೆ ಯಲಬುರ್ಗಾದ ಸಿಕ್ಕಾದ ಸುದ್ದಿ ಹೇಳಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವರು ಅವರು. ಮರುದಿನದಿಂದಲೇ ಫಲಕದ ಮೇಲೆ ದಿನಾಂಕದ ಕೆಳಗೆ "ಇಂದಿನ ದರ: 7 ಸಿಕ್ಕಾ = 6 ರೂಪಾಯಿ" ಅಂತ ಜವಾನ ಮೆಹಬೂಬಸಾಬ ಸುಣ್ಣದ ಕಡ್ಡಿಯಲ್ಲಿ ಬರೆಯತೊಡಗಿದ. ದಿನಾಂಕ ಅಳಿಸುವುದು, ದಿನಾಂಕ ಬರೆಯುವುದು. ದರದ ಸಾಲು ಹಾಗೇ ಇರುತ್ತಿತ್ತು.

ಒಂದು ದಿನ ಮಳೆಗೆ ಫಲಕ ತೊಳೆದುಹೋಗಿ ಮೆಹಬೂಬಸಾಬ ಎಲ್ಲವನ್ನೂ ಹೊಸದಾಗಿ ಬರೆಯಬೇಕಾಯಿತು. ಆರು ಸಿಕ್ಕಾಕ್ಕೆ ಏಳು ರೂಪಾಯಿ ಅಂತ ಬರೆದ. ಊಟದ ಹೊತ್ತಿಗೆ ಕಚೇರಿ ಮುಂದೆ ಜನವೋ ಜನ. ನಿಜಾಮನ ರೂಪಾಯಿ ಏರಿದೆ ಅಂತ ಪೇಟೆಯಲ್ಲೆಲ್ಲ ಸುದ್ದಿ. ಅಜ್ಜಂದಿರು ಟ್ರಂಕಿನ ತಳದಿಂದ ನಾಣ್ಯ ತಂದಿದ್ದರು. ಒಬ್ಬ ಮುದುಕಿ ಕೊರಳಿನ ಸಿಕ್ಕಾದ ಸರವನ್ನೇ ಎತ್ತಿ ತೋರಿಸಿ, "ನಾ ಮಾರಂಗಿಲ್ಲವ್ವ, ಎಷ್ಟಾತು ಅಂತ ಕೇಳಾಕ ಅಷ್ಟ ಬಂದೀನಿ," ಅಂದಳು. ಸೌದಿಯಿಂದ ರಜೆಯ ಮೇಲೆ ಬಂದಿದ್ದ ಡ್ರೈವರೊಬ್ಬ ಫಲಕದ ಮುಂದೆ ನಿಂತು ತಲೆ ಚಚ್ಚಿಕೊಂಡ. "ರಿಯಾಲ್ ಇಳದೈತಿ, ಸಿಕ್ಕಾ ಏರೈತಿ! ಹುಚ್ಚನಂಗ ಉಸುಕಿನ್ಯಾಗ ಗಾಡಿ ಹೊಡದ್ನೆಲ್ರಿ! ಅಜ್ಜನ ಪೆಟ್ಟಿಗಿ ಕಾಯ್ಕೊಂತ ಮನ್ಯಾಗ ಕುಂತಿದ್ರ ಆಗ್ತಿತ್ತು."

ಸಾಹೇಬರು ಹೊರಗೆ ಬಂದು ಫಲಕ ನೋಡಿದರು. ತಪ್ಪಾಗಿದೆ ಅಂತ ಒಪ್ಪಿಕೊಳ್ಳುವ ಅಭ್ಯಾಸ ಅವರಿಗೆ ಇರಲಿಲ್ಲ. ಮೆಹಬೂಬಸಾಬನನ್ನು ಕರೆದು ಕೆಳಗೆ ಇನ್ನೊಂದು ಸಾಲು ಬರೆಸಿದರು: "ಮಧ್ಯಾಹ್ನದ ದರ: 7 ಸಿಕ್ಕಾ = 6 ರೂಪಾಯಿ." ಜನ ನಿಟ್ಟುಸಿರು ಬಿಟ್ಟು, "ಬೆಳಿಗ್ಗೆನ ಬರಬೇಕಿತ್ತು ನೋಡು," ಅಂತ ಒಬ್ಬರನ್ನೊಬ್ಬರು ಬೈದುಕೊಂಡು ಮನೆಗೆ ಹೋದರು. ಆ ಡ್ರೈವರ್ ಮಾತ್ರ ಸಮಾಧಾನವಾಗಿ ಮತ್ತೆ ಸೌದಿಗೆ ಹೋದ.

ಇನ್ನು ನನ್ನ ನೌಕರಿಯ ಕೊನೆಯ ವರ್ಷಕ್ಕೆ ಬರುತ್ತೇನೆ. ಸುತ್ತಿ ಸುತ್ತಿ ನಾನು ಮತ್ತೆ ಯಲಬುರ್ಗಾಕ್ಕೇ ಬಂದಿದ್ದೆ. ಅಷ್ಟೊತ್ತಿಗೆ ಎಲ್ಲ ಕಂಪ್ಯೂಟರ್ ಆಗಿತ್ತು. ಇಮಾಂಬಿಯ ಹನ್ನೆರಡು ರೂಪಾಯಿ ಬ್ಯಾಂಕಿನ ಖಾತೆಗೆ ಹೋಗುತ್ತಿತ್ತು, ಹನ್ನೆರಡು ರೂಪಾಯಿ ಜಮಾ ಆಗಿದೆ ಅಂತ ಮೊಬೈಲಿಗೆ ತಿಳಿಸಿದ್ದಕ್ಕೆ ಬ್ಯಾಂಕಿನವರು ಹದಿನೈದು ರೂಪಾಯಿ ಮುರಿದುಕೊಳ್ಳುತ್ತಿದ್ದರು. ಅವಳಿಗೆ ಅದರ ಚಿಂತೆ ಇರಲಿಲ್ಲ. ಪಾಸಾದ ಬಿಲ್ಲಿನ ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು, ಮಡಚಿ, ಕುಬಸದೊಳಗೆ ಇಟ್ಟುಕೊಂಡು ಹೋಗುತ್ತಿದ್ದಳು.

ಆ ವರ್ಷ ಆಡಿಟ್‌ನವರು ಬಂದು ಇಮಾಂಬಿಯ ಬಿಲ್ಲಿಗೆ ಆಕ್ಷೇಪಣೆ ಬರೆದರು. "ಸಿಕ್ಕಾ ಎಂಬ ನಾಣ್ಯದ ಅಂದಿನ ವಿನಿಮಯ ದರಕ್ಕೆ ಆಧಾರ ಲಗತ್ತಿಸಿಲ್ಲ. ಆಧಾರವಿಲ್ಲದೆ ಮುಂದಿನ ಪಾವತಿ ಮಾಡತಕ್ಕದ್ದಲ್ಲ." ನಮ್ಮ ಸಾಹೇಬರು ಮೈಸೂರು ಕಡೆಯ ಹೊಸ ಹುಡುಗ, ಒಳ್ಳೆಯವರು, ಆದರೆ ಆಡಿಟ್ ಅಂದರೆ ಚಳಿಜ್ವರ ಬರುತ್ತಿತ್ತು. "ಮೇಡಂ, ನಂಗೇನೂ ಗೊತ್ತಾಗ್ತಿಲ್ಲ. ಆಧಾರ ತನ್ನಿ, ಈಗಲೇ ಸಹಿ ಹಾಕ್ತೀನಿ," ಅಂದರು.

ಹನ್ನೆರಡು ರೂಪಾಯಿ ತಾನೇ, ಹೋದರೆ ಹೋಗಲಿ ಅಂತ ನಾನೂ ಅಂದುಕೊಂಡಿದ್ದೆ. ಇಮಾಂಬಿ ಬಂದು ಬೆಂಚಿನ ಮೇಲೆ ಕೂತಾಗ ಗೊತ್ತಾಯಿತು, ಅದು ಹನ್ನೆರಡು ರೂಪಾಯಿಯ ಮಾತಲ್ಲ. ಬೇವೂರು ಕ್ರಾಸಿನಲ್ಲಿ ಪಂಚಾಯತಿಯವರು ಮಳಿಗೆ ಕಟ್ಟಿಸಿ ಹರಾಜು ಹಾಕುವವರಿದ್ದರು. ಬೇವಿನ ಗಿಡ ಅದರಲ್ಲಿ ಹೋಗುತ್ತಿತ್ತು. ಅರವಟಿಗೆ ಈಗಲೂ ಸರ್ಕಾರದ್ದು ಅನ್ನುವುದಕ್ಕೆ ಈ ಸಾಲಿನ ಪಾಸಾದ ಬಿಲ್ಲು ತೋರಿಸಿದರೆ ಆ ಜಾಗ ಬಿಡುತ್ತೇವೆ, ಮಾರ್ಚ್ ಮುಗಿಯುವುದರೊಳಗೆ ತೋರಿಸದಿದ್ದರೆ ಗಿಡ ಕಡಿಯುತ್ತೇವೆ ಅಂತ ಅವರು ಹೇಳಿದ್ದರು.

"ನನಗ ರೊಕ್ಕ ಬ್ಯಾಡ್ರಿ ಅಕ್ಕಾರ. ಕಾಗದ ಕೊಡ್ರಿ," ಅಂದಳು.

"ರೊಕ್ಕ ಕೊಡದ ಕಾಗದ ಕೊಡಾಕ ಬರಂಗಿಲ್ಲ ದೊಡ್ಡವ್ವ."

"ಹಂಗಾರ ರೊಕ್ಕಾನೂ ಕೊಡ್ರಿ." ಸೆರಗು ಸರಿಮಾಡಿಕೊಂಡು, "ಊರಾಗ ನಾ ನೀರಿನ ಇಮಾಂಬಿ. ಗಿಡ ಹೋತಂದ್ರ ಬರೇ ಇಮಾಂಬಿ ಆಗ್ತೀನ್ರಿ. ಈ ವಯಸ್ಸಿನ್ಯಾಗ ಹೊಸದಾಗಿ ಏನ್ ಆಗ್ಲಿ ನಾನು?" ಅಂದಳು.

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯದ ಸಿಟ್ಟು ಭಾಳ ಕೆಟ್ಟದ್ದು, ಅದಕ್ಕೇ ಎದ್ದು ಬ್ಯಾಂಕಿಗೆ ಹೋದೆ.

ಬ್ಯಾಂಕಿನ ಮ್ಯಾನೇಜರರು ಕಂಪ್ಯೂಟರಿನಲ್ಲಿ ಡಾಲರು, ಪೌಂಡು, ದಿನಾರು, ರಿಯಾಲು ಎಲ್ಲ ತೋರಿಸಿದರು. ಸಿಕ್ಕಾ ಇರಲಿಲ್ಲ. ಪಾಪ, ಅವರು ಮುಂಬಯಿಯ ತಮ್ಮ ದೊಡ್ಡ ಆಫೀಸಿಗೆ ಬರೆದು ಕೇಳಿದರು. ಅಲ್ಲಿಂದ ಉತ್ತರ ಬಂತು: "ಸದರಿ ನಾಣ್ಯ ಯಾವ ದೇಶದ್ದು ಎಂದು ತಿಳಿಸಿ." ನಾವು ಬರೆದೆವು: "ನಮ್ಮದೇ." ಮತ್ತೆ ಉತ್ತರ ಬಂತು: "ಹಾಗಿದ್ದಲ್ಲಿ ವಿನಿಮಯ ದರದ ಅವಶ್ಯಕತೆ ಉದ್ಭವಿಸುವುದಿಲ್ಲ. ಒಂದಕ್ಕೆ ಒಂದು." ಸಾಹೇಬರಿಗೆ ಒಂದು ಕ್ಷಣ ಖುಷಿಯಾಯಿತು. ಆಮೇಲೆ, ಒಂದಕ್ಕೆ ಒಂದಾದರೆ ಇಷ್ಟು ವರ್ಷ ಇಮಾಂಬಿಗೆ ವರ್ಷಕ್ಕೆ ಎರಡು ರೂಪಾಯಿ ಕಡಿಮೆ ಕೊಟ್ಟಂತಾಗುತ್ತದೆ, ಅದರ ಬಾಕಿಗೆ ಹೊಣೆ ಯಾರು ಅಂತ ಹೊಳೆದು ಮುಖ ಬಿಳುಚಿತು. ಆ ಪತ್ರವನ್ನು ಕಡತದಿಂದ ತೆಗೆಯಲೂ ಆಗದೆ, ಇಡಲೂ ಆಗದೆ, ಎರಡು ದಿನ ಕೈಯಲ್ಲಿ ಹಿಡಿದುಕೊಂಡೇ ಓಡಾಡಿದರು.

ಕೊನೆಗೆ ನಾನೇ ಹೇಳಿದೆ, "ಸರ್, ಹುಕುಮಿನ್ಯಾಗ ಹೊಳೆದಂಡಿ ಸರಾಫರ ದರ ಅಂತ ಐತ್ರಿ. ಅವರನ್ನ ಕೇಳೋಣ."

"ಈಗ ಇದಾರಾ ಅವರು?"

"ಇದ್ರ ಕೇಳೋದು, ಇಲ್ಲಂದ್ರ ಇಲ್ಲ ಅಂತ ಬರಿಸ್ಕೊಂಡು ಬರೋದು."

ಸಾಹೇಬರ ಮುಖ ಅರಳಿತು. "ಹಂಗಾದ್ರೆ ಮೂರು ಕೊಟೇಶನ್ ತಗೊಂಡು ಬನ್ನಿ ಮೇಡಂ. ಮೂರಿದ್ರೆ ಯಾರೂ ಏನೂ ಅನ್ನಲ್ಲ."

ಹೀಗೆ ಬೆಂಚು ಕುರ್ಚಿ ಕೊಳ್ಳುವವರ ಹಾಗೆ ಸತ್ತ ರೂಪಾಯಿಗೆ ಕೊಟೇಶನ್ ತರಲು ನಾನು ಕೊಪ್ಪಳದ ಬಸ್ಸು ಹಿಡಿದು ಮುನಿರಾಬಾದಿಗೆ ಹೋದೆ. ಮನೆಯಲ್ಲಿ ನನ್ನ ಗಂಡ, ಬಸ್ ಕಂಡಕ್ಟರಾಗಿ ರಿಟೈರಾದವರು, "ನಮ್ಮ ಇಲಾಖ್ಯಾಗ ಸತ್ತವರಿಗೆ ಟಿಕೀಟು ಕೊಡ್ತಿರ್ಲಿಲ್ಲ. ನಿಮ್ಮ ಇಲಾಖ್ಯಾಗ ಚಿಲ್ಲರಾನೂ ಕೊಡ್ತೀರಿ," ಅಂದು ನನ್ನನ್ನು ಕಳಿಸಿಕೊಟ್ಟರು.

ಮೊದಲ ಕೊಟೇಶನ್ ಒಬ್ಬ ಅಕ್ಕಸಾಲಿಗನದು. ಅವನು ಬೆಳ್ಳಿಯ ತೂಕ ಲೆಕ್ಕ ಹಾಕಿ ಏಳು ಸಿಕ್ಕಾಕ್ಕೆ ಹಲವು ಸಾವಿರ ಬರೆದ. ಎರಡನೆಯದು ಚಹಾ ಅಂಗಡಿಯವನದು, "ಇದು ನಡ್ಯಂಗಿಲ್ಲ, ಸೊನ್ನಿ" ಅಂದ. ಹಾಗೇ ಬರೆದುಕೊಡು ಅಂದೆ, ಬರೆದು ಸಹಿ ಹಾಕಿದ. ಮೂರನೆಯವನು ಸೀನಣ್ಣ. ಅವನ ಅಜ್ಜ ಹೊಳೆದಂಡೆಯ ಕೊನೆಯ ಸರಾಫ. ಈಗ ಅದೇ ಅಂಗಡಿಯಲ್ಲಿ ಅವನು ಮೊಬೈಲ್ ರಿಚಾರ್ಜು, ಝೆರಾಕ್ಸು ಮಾಡುತ್ತಾನೆ. ಗಲ್ಲೆಯ ಮೇಲೆ ಅಜ್ಜನ ಫೋಟೊ. ನಾನು ವಿಷಯ ಹೇಳಿದ ಕೂಡಲೇ ಅವನು ತಲೆ ಕೂಡ ಕೆರೆದುಕೊಳ್ಳದೆ, "ಏಳಕ್ಕ ಆರ್ರಿ. ಅಂಗಡಿ ಮುಚ್ಚಿದ ದಿನ ಅಜ್ಜ ಹೇಳಿದ ರೇಟು. ಆಮ್ಯಾಲ ಯಾರೂ ಬದಲ ಮಾಡಿಲ್ಲ," ಅಂದ.

ಮೂರನ್ನೂ ತಂದು ಮೇಜಿನ ಮೇಲಿಟ್ಟೆ. ಸಾಹೇಬರು ನಿಯಮದ ಪುಸ್ತಕ ತೆಗೆದರು. ಕಡಿಮೆ ದರದ ಕೊಟೇಶನನ್ನು ಒಪ್ಪಬೇಕು ಅಂತ ಅದರಲ್ಲಿತ್ತು. ಕಡಿಮೆ ಅಂದರೆ ಚಹಾ ಅಂಗಡಿಯ ಸೊನ್ನೆ. ಹದಿನಾಲ್ಕು ಸಿಕ್ಕಾಕ್ಕೆ ಸೊನ್ನೆ ರೂಪಾಯಿ ಅಂತ ಬಿಲ್ಲು ಮಾಡಿ ನೋಡಿದೆವು, ಕಂಪ್ಯೂಟರು ಕೆಂಪಗಾಯಿತು. ಸರ್ಕಾರ ಕೊಳ್ಳುವಾಗ ಕಡಿಮೆ, ಮಾರುವಾಗ ಹೆಚ್ಚು, ಈಗ ಸರ್ಕಾರ ಏನು ಮಾಡುತ್ತಿದೆ ಅಂತ ಚರ್ಚೆ ಮಾಡಿದೆವು. ಸರ್ಕಾರ ನೀರು ಕೊಳ್ಳುತ್ತಿದೆ ಅಂದೆ ನಾನು. ಹಾಗಾದರೆ ನೀರಿಗೆ ಕೊಟೇಶನ್ ತರಬೇಕಿತ್ತಲ್ಲ ಅಂದರು ಅವರು. ಕೊನೆಗೆ ತಲೆ ಹಿಡಿದುಕೊಂಡು, "ಮೇಡಂ, ಹುಕುಮಿನಲ್ಲಿ ಇರೋದು 'ನಡೆಯುವ ದರ'. ಇವರೆಲ್ಲ ಬಾಯಲ್ಲಿ ಹೇಳಿದಾರೆ. ವ್ಯಾಪಾರ ನಡೆದಿಲ್ಲ. ನಡೆದ ವ್ಯಾಪಾರದ ಒಂದು ರಸೀದಿ ಇದ್ರೆ ದೇವರಾಣೆ ಸಹಿ ಹಾಕ್ತೀನಿ," ಅಂದರು.

ಬೆಂಚಿನ ತುದಿಯಲ್ಲಿ ಕೂತಿದ್ದ ಇಮಾಂಬಿ ಇದನ್ನೆಲ್ಲ ಕೇಳುತ್ತಿದ್ದಳು. "ಯಾರರೆ ಹೊಳೆದಂಡ್ಯಾಗ ಸಿಕ್ಕಾ ಕೊಟ್ಟು ರೂಪಾಯಿ ತಗೊಂಡ್ರ ಆತೇನ್ರಿ?" ಅಂದಳು.

"ಆತು," ಅಂದೆ. "ಆದ್ರ ಯಾರ ಹತ್ರ ಅದಾವ?"

"ನನ್ನ ಹತ್ರ ಏಳು ಅದಾವು. ನಿಕಾ ಆದಾಗ ಅತ್ತಿ ನನ್ನ ಮುಖ ನೋಡಿ ಕೈಯಾಗ ಇಟ್ಟಿದ್ದು."

ಬೇಡ ಅಂದೆ. ಅಕ್ಕಸಾಲಿಗ ಎಷ್ಟು ಬರೆದಿದ್ದ ಅನ್ನುವುದನ್ನೂ ಓದಿ ಹೇಳಿದೆ. ಅವಳು ಕೇಳಲಿಲ್ಲ. ಮರುದಿನ ನಾವಿಬ್ಬರೂ ಮುನಿರಾಬಾದಿಗೆ ಹೋದೆವು. ಸೀನಣ್ಣನ ಗಲ್ಲೆಯ ಮೇಲೆ, ಇಬ್ಬರು ಕಾಲೇಜು ಹುಡುಗಿಯರು ಮಾರ್ಕ್ಸ್ ಕಾರ್ಡು ಝೆರಾಕ್ಸ್ ಮಾಡಿಸುತ್ತಿರುವಾಗಲೇ, ಇಮಾಂಬಿ ಗಂಟು ಬಿಚ್ಚಿ ಕಪ್ಪಗಾಗಿದ್ದ ಏಳು ಸಿಕ್ಕಾ ಇಟ್ಟಳು. ಸೀನಣ್ಣ ಎಣಿಸಿ ಆರು ರೂಪಾಯಿ ಕೊಟ್ಟ. ರಸೀದಿ ಬರೆದ, ಸೀಲು ಹೊಡೆದ. ಸೀಲಿನಲ್ಲಿ "ಮೊಬೈಲ್ ಆ್ಯಂಡ್ ಝೆರಾಕ್ಸ್" ಅಂತಿತ್ತು.

ಆಮೇಲೆ ನಾಣ್ಯಗಳನ್ನು ಅವಳ ಕಡೆಗೇ ಸರಿಸಿದ. "ತಗೋ ಅಜ್ಜಿ, ಕಾಗದ ಆತಲ್ಲ. ಇವು ನನಗ್ಯಾಕ?"

ಇಮಾಂಬಿ ಕೈ ಹಿಂದೆ ತೆಗೆದುಕೊಂಡಳು. "ಬ್ಯಾಡಪ. ಈಗ ವಾಪಸ್ ತಗೊಂಡ್ರ ವ್ಯಾಪಾರ ಆಗ್ಲಿಲ್ಲ ಅಂದಂಗಾತು. ನಾ ಸುಳ್ಳು ಕಾಗದ ತಗೊಂಡು ಗಿಡದ ಕೆಳಗ ಕುಂತು ನೀರು ಕೊಡಂಗಿಲ್ಲ."

ವಾಪಸ್ ಕೊಪ್ಪಳದ ಬಸ್ಸು ಹತ್ತಿದೆವು. ಅತ್ತೆ ಕೊಟ್ಟ ಬೆಳ್ಳಿಯನ್ನು ಆರು ರೂಪಾಯಿಗೆ ಮಾರಿ, ಹನ್ನೆರಡು ರೂಪಾಯಿಯ ಬಿಲ್ಲು ಪಾಸು ಮಾಡಿಸಿಕೊಳ್ಳಲು ಹೊರಟಿದ್ದಳು ಆ ಹೆಣ್ಣುಮಗಳು. ನನಗೆ ಅಳು ಬಂತು. ಅವಳು ಕಿಟಕಿಯ ಪಕ್ಕ ಕೂತು ಶೇಂಗಾ ತಿನ್ನುತ್ತಿದ್ದಳು. ಸಾಹೇಬರು ಮಾತಿನಂತೆ ಅದೇ ದಿನ ಸಹಿ ಹಾಕಿದರು. ಪಂಚಾಯತಿಯವರು ಬೇವಿನ ಗಿಡವನ್ನು ಬಿಟ್ಟು, ಅದರ ಎಡಕ್ಕೆ ಎರಡು, ಬಲಕ್ಕೆ ಎರಡು ಮಳಿಗೆ ಕಟ್ಟಿದರು.

ಆದರೆ ಆಡಿಟ್‌ನವರು ಆ ರಸೀದಿಯನ್ನು ಭಾಳ ಮೆಚ್ಚಿಕೊಂಡುಬಿಟ್ಟರು. "ಪ್ರತಿ ವರ್ಷವೂ ಇದೇ ರೀತಿ ಆಧಾರ ಲಗತ್ತಿಸತಕ್ಕದ್ದು" ಅಂತ ಬರೆದರು. ನಾನು ಅಷ್ಟರಲ್ಲಿ ನಿವೃತ್ತಳಾಗಿದ್ದೆ. ಮುಂದಿನ ಮಾರ್ಚಿಗೆ ಇಮಾಂಬಿ ಮಾರಲು ಸಿಕ್ಕಾ ಎಲ್ಲಿಂದ ತರಬೇಕು? ನನ್ನ ಮನೆ ಹುಡುಕಿಕೊಂಡು ಬಂದಳು. ನಾವು ಸೀನಣ್ಣನ ಹತ್ತಿರ ಹೋದೆವು. ಅವನೇ ದಾರಿ ತೋರಿಸಿದ. "ಹೋದ ವರ್ಷ ನೀ ಮಾರಿದಿ, ನಾ ತಗೊಂಡೆ. ಈ ವರ್ಷ ನಾ ಮಾರ್ತೀನಿ, ನೀ ತಗೋ. ವ್ಯಾಪಾರ ವ್ಯಾಪಾರನ." ಇಮಾಂಬಿ ಆರು ರೂಪಾಯಿ ಕೊಟ್ಟು ಏಳು ಸಿಕ್ಕಾ ಕೊಂಡಳು. ಅದರ ಮುಂದಿನ ವರ್ಷ ಮತ್ತೆ ಮಾರಿದಳು. ಹೀಗೆ ಆ ಏಳು ನಾಣ್ಯ ಒಂದು ವರ್ಷ ಬೇವೂರಿನಲ್ಲಿ, ಒಂದು ವರ್ಷ ಮುನಿರಾಬಾದಿನಲ್ಲಿ. ಸತ್ತ ರೂಪಾಯಿಯ ಪೇಟೆ ವರ್ಷಕ್ಕೊಮ್ಮೆ ಝೆರಾಕ್ಸ್ ಅಂಗಡಿಯಲ್ಲಿ ಕೂಡುತ್ತದೆ. ಸಾಕ್ಷಿ ಸಹಿ ನನ್ನದು. ಇದಕ್ಕೆ ಪಿಂಚಣಿ ಹೆಚ್ಚು ಕೊಡುವುದಿಲ್ಲ.

ಈ ಮಾರ್ಚಿಗೆ ಇಮಾಂಬಿ ಕೊಳ್ಳುವ ಸರದಿ. ಅಷ್ಟರಲ್ಲಿ ಬೆಳ್ಳಿ ಏನು ಏರಿದೆ ಅಂತ ನಿಮಗೆ ಗೊತ್ತೇ ಇದೆ. ಬಸ್ಸಿನಲ್ಲಿ, ಚಹಾ ಅಂಗಡಿಯಲ್ಲಿ, ಎಲ್ಲ ಕಡೆ ಅದೇ ಮಾತು. ನಾವು ಅಂಗಡಿಗೆ ಹೋದಾಗ ಸೀನಣ್ಣನ ಹೆಂಡತಿ ಒಳಬಾಗಿಲಲ್ಲಿ ನಿಂತಿದ್ದಳು, ಮುಖ ಗಂಟು ಹಾಕಿಕೊಂಡು. ಸೀನಣ್ಣ ನಮ್ಮ ಕಡೆ ನೋಡದೆ ಝೆರಾಕ್ಸ್ ಮಷಿನ್ನು ಒರೆಸುತ್ತಿದ್ದ.

"ಹೊಸಪೇಟಿಯಿಂದ ಒಬ್ಬಾತ ಬಂದಿದ್ದ ಅಕ್ಕಾರ," ಅಂದಳು ಅವಳು ನನ್ನ ಕಡೆ ತಿರುಗಿ. "ಆ ಏಳಕ್ಕ ಎಷ್ಟು ಕೇಳಿದ ಗೊತ್ತೈತೇನ್ರಿ? ಮಷಿನ್ನಿಂದು ಈ ವರ್ಷದ ಕಂತು ಪೂರಾ ಮುಗೀತಿತ್ತು."

ಕಾನೂನಿನ ಪ್ರಕಾರ ಹೊಳೆದಂಡೆಯ ಸರಾಫ ಅವತ್ತು ಏನು ಹೇಳುತ್ತಾನೋ ಅದೇ ದರ. ಸೀನಣ್ಣ ಸಾವಿರಗಳಲ್ಲಿ ಹೇಳಿದರೂ ಅದು ನ್ಯಾಯವೇ. ಆದರೆ ಇಮಾಂಬಿಯ ಕೈಯಲ್ಲಿ ಇದ್ದದ್ದು ಆರು ರೂಪಾಯಿ. ವ್ಯಾಪಾರ ಆಗದಿದ್ದರೆ ರಸೀದಿ ಇಲ್ಲ, ರಸೀದಿ ಇಲ್ಲದಿದ್ದರೆ ಬಿಲ್ಲು ಇಲ್ಲ. ಗಿಡವಿರುವ ಜಾಗದಲ್ಲಿ ಇನ್ನೊಂದು ಮಳಿಗೆ ಕಟ್ಟಲು ಪಂಚಾಯತಿಯವರು ಕಾಯುತ್ತಲೇ ಇದ್ದರು.

ಇಮಾಂಬಿ ಆರು ನಾಣ್ಯ ಗಲ್ಲೆಯ ಮೇಲೆ ಸಾಲಾಗಿ ಇಟ್ಟಳು.

"ರೇಟು ನೀ ಹೇಳಬೇಕಪ," ಅಂದಳು. "ಸರಾಫ ನೀನು. ಏರಿದ್ರ ಏರೈತಿ ಅನ್ನು, ನಾ ಎದ್ದು ಹೋಗ್ತೀನಿ. ನಿನ್ನ ಮ್ಯಾಲ ನನಗ ಸಿಟ್ಟಿಲ್ಲ."

ಸೀನಣ್ಣ ಮಷಿನ್ನು ಒರೆಸುವುದನ್ನು ನಿಲ್ಲಿಸಿದ. ಅಜ್ಜನ ಫೋಟೊ ನೋಡಿದ, ಹೆಂಡತಿಯ ಕಡೆ ನೋಡಿದ, ಮತ್ತೆ ಆ ಆರು ನಾಣ್ಯಗಳ ಕಡೆ ನೋಡಿದ.

"ಏಳಕ್ಕ ಆರು," ಅಂದ.

ಹೆಂಡತಿ ಲೊಚಗುಟ್ಟಿ ದಡದಡ ಒಳಗೆ ಹೋದಳು. ಏನೋ ಎತ್ತಿ ಕುಕ್ಕಿದ ಸದ್ದಾಯಿತು. ಜಗಳ ಆಯಿತು ಅಂದುಕೊಂಡು ನಾನು ಸೀನಣ್ಣನ ಮುಖ ನೋಡುವುದಕ್ಕೂ ಹಿಂಜರಿದೆ. ಅವಳು ಹೊರಗೆ ಬಂದು ಗಲ್ಲೆಯ ಮೇಲೆ ಒಂದು ಸ್ಟೀಲಿನ ತಟ್ಟೆ ಇಟ್ಟಳು. ತಟ್ಟೆಯಲ್ಲಿ ಏಳೂ ಸಿಕ್ಕಾ. ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದಿದ್ದಳು. ಚಾರಮಿನಾರದ ನಾಲ್ಕು ಮಿನಾರೂ ಕಾಣುವಷ್ಟು ಬೆಳ್ಳಗಾಗಿದ್ದವು. ಅಷ್ಟು ವರ್ಷದಲ್ಲಿ ನಾನು ಅವುಗಳ ಮೇಲಿನ ಚಿತ್ರವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು.

ಇಮಾಂಬಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. "ಅತ್ತಿ ಕೊಟ್ಟಾಗ ಹಿಂಗ ಇದ್ವು," ಅಂದಳು. ಆಮೇಲೆ ಏಳನ್ನೂ ಒಂದೊಂದಾಗಿ ಗಂಟಿಗೆ ಹಾಕಿಕೊಂಡಳು.

ಸೀನಣ್ಣನ ಹೆಂಡತಿ ಆರು ರೂಪಾಯಿಯನ್ನು ಗಲ್ಲೆಗೆ ಹಾಕಿದಳು. ಮುಖ ಇನ್ನೂ ಗಂಟೇ ಹಾಕಿಕೊಂಡಿತ್ತು.

"ಮುಂದಿನ ವರ್ಷ ಮಾರೋ ಪಾಳಿ ನಿಂದು ಅಜ್ಜಿ," ಅಂದಳು. "ತಪ್ಪಿಸಬ್ಯಾಡ. ಬಂದು ಮಾರು."

ನಾನು ರಸೀದಿಯ ಕೆಳಗೆ ಸಹಿ ಹಾಕಿದೆ. ಷರಾ ಎಂಬಲ್ಲಿ, ಎಂದಿನ ಹಾಗೆ, ಮಾರುಕಟ್ಟೆ ಸ್ಥಿರವಾಗಿದೆ ಎಂದು ಬರೆದೆ.